ಸನ್ಮಾನದ ಹಿತ್ತಾಳೆ ಫಲಕ

ಅಪ್ಪ ಹಿತ್ತಾಳೆಯ ಫಲಕವನ್ನು ಬೂದಿ ಹಾಕಿ ಉಜ್ಜುತ್ತಿದ್ದ. ಮಗಳು ಒಳಗೆ ಬಂದದ್ದೇ ತಡ, ಹೊಲಿಗೆ ಯಂತ್ರದ ಮೇಲಿದ್ದ ಬಟ್ಟೆ ಎಳೆದು ಅದರ ಮೇಲೆ ಮುಚ್ಚಿದ.

"ಯಾರಿಗದು?"

"ಅಧ್ಯಕ್ಷರಿಗೆ. ಭಾನುವಾರ ಸಂಜೆ ಏಳಕ್ಕೆ, ನಮ್ಮನೆ ಮುಂದೆ ಸನ್ಮಾನ. ಜನಸೇವೆಗೆ."

ಹೆರಿಗೆಗೆ ಅಪ್ಪನ ಮನೆಗೆ ಬಂದಿದ್ದ ಅವಳು ಒಂಬತ್ತು ತಿಂಗಳ ಹೊಟ್ಟೆ ಹಿಡಿದುಕೊಂಡು ಗೋಡೆಗೆ ಒರಗಿದಳು. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಪುರಸಭೆಯ ಅಧ್ಯಕ್ಷನಿಗೆ ಊರು ಇಟ್ಟ ಹೆಸರು ಕತ್ತರಿ ಸಾಹೇಬ. ರಿಬ್ಬನ್ ಕಂಡರೆ ಸಾಕು, ಅವನ ಬೆರಳುಗಳು ತುರಿಸುತ್ತಿದ್ದವು. ಒಂದೇ ಶೌಚಾಲಯವನ್ನು ಎರಡು ಸಲ ಉದ್ಘಾಟಿಸಿದ ಕೀರ್ತಿ ಅವನದು. ಎರಡನೇ ಸಲಕ್ಕೂ ಅಲ್ಲಿ ನೀರು ಬಂದಿರಲಿಲ್ಲ, ಆ ಮಾತು ಬೇರೆ.

ಈ ಮೂರನೇ ಬೀದಿಗಂತೂ ಅವನ ಕತ್ತರಿಯೂ ಬಂದಿರಲಿಲ್ಲ. ಬೀದಿಗೆ ಕಾಲಿಡುವಲ್ಲೇ ಅಡ್ಡಲಾಗಿ ತೆರೆದ ಚರಂಡಿ, ಅದನ್ನು ದಾಟಿದರೆ ಮೊಣಕಾಲುದ್ದದ ಗುಂಡಿಗಳು. ಕಂಬಗಳಿದ್ದವು, ದೀಪಗಳಿರಲಿಲ್ಲ. ಎರಡು ವರ್ಷದ ಹಿಂದೆ ಅತ್ತಿಗೆಗೆ ಹೆರಿಗೆ ನೋವು ಕಾಣಿಸಿಕೊಂಡಾಗ ಆಂಬುಲೆನ್ಸ್ ಚರಂಡಿಯ ಆಚೆಯೇ ನಿಂತಿತು. ಅಣ್ಣ ಮತ್ತು ಅಪ್ಪ ಅತ್ತಿಗೆಯನ್ನು ಮರದ ಕುರ್ಚಿಯಲ್ಲಿ ಕೂರಿಸಿ, ಎಡವುತ್ತ ಹೊತ್ತು ನಡೆದರು. ತಡವಾಯಿತು. ಮಗು ಉಳಿಯಲಿಲ್ಲ. ಅಪ್ಪ ಬೀದಿ ಸಂಘದ ಕಾರ್ಯದರ್ಶಿ. ಅಂದಿನಿಂದ ಪುರಸಭೆಗೆ ನಲವತ್ತೊಂದು ಅರ್ಜಿ ಬರೆದ. ಒಂದಕ್ಕೂ ಉತ್ತರವಿಲ್ಲ.

ಅಂಥ ಅಪ್ಪ ಈಗ ಅರ್ಜಿ ಬಿಟ್ಟು ಹೊಗಳಿಕೆ ಬರೆಯುತ್ತಿದ್ದ. 'ಬಡವರ ಬಂಧು, ಅಭಿವೃದ್ಧಿಯ ಹರಿಕಾರ.' ಬೆಣ್ಣೆ ಹಚ್ಚುವುದಕ್ಕೂ ಒಂದು ಮಿತಿ ಬೇಡವೇ? ಅವಳಿಗೆ ಮೈಯೆಲ್ಲ ಉರಿಯಿತು.

"ಆ ಕುರ್ಚಿ ಇನ್ನೂ ಮೂಲೇಲೇ ಇದೆ ಅಪ್ಪ. ನಾಳೆ ನನ್ನನ್ನೂ ಅದರಲ್ಲೇ ಹೊತ್ಕೊಂಡು ಹೋಗು."

"ಅದು ವೇದಿಕೆಗೆ ಬೇಕು," ಎಂದ ಅಪ್ಪ, ತಲೆ ಎತ್ತದೆ.

ಅವನು ಕೈ ತೊಳೆಯಲು ಹೋದಾಗ ಅವಳು ಬಟ್ಟೆ ಸರಿಸಿ ನೋಡಿದಳು. 'ಸಮಾಜಸೇವೆಯನ್ನು ಮೆಚ್ಚಿ ಪ್ರೀತಿಯಿಂದ' ಎಂದಿತ್ತು. ಹೆಸರಿನ ಜಾಗ ಖಾಲಿ.

"ನಿನ್ನ ದೇವರ ಹೆಸರೇ ಇಲ್ಲವಲ್ಲ!"

"ಮುಟ್ಟಬೇಡ." ಅಪ್ಪ ಓಡಿ ಬಂದು ಫಲಕ ಕಿತ್ತುಕೊಂಡ. "ಬಿರುದು ಯಾವುದು ಅಂತ ಸಾಹೇಬರು ಇನ್ನೂ ಯೋಚಿಸ್ತಿದಾರೆ. ಕೊನೇಲಿ ಕೆತ್ತಿಸಿದರಾಯ್ತು."

ಹೊಸ ಫಲಕವನ್ನು ಯಾರಾದರೂ ಇಷ್ಟು ಉಜ್ಜುತ್ತಾರೆಯೇ? ಭಕ್ತಿ ಹೆಚ್ಚಾದರೆ ಹೀಗೇ ಎಂದುಕೊಂಡಳು.

ಬುಧವಾರ ಅಧ್ಯಕ್ಷನ ಆಪ್ತ ಸಹಾಯಕ ಜಾಗ ನೋಡಲು ಬಂದ. ಚರಂಡಿ ಹಾರುವಾಗ ಒಂದು ಚಪ್ಪಲಿ ಅದರ ಪಾಲಾಯಿತು.

"ಏನ್ರೀ ಇದು? ಸಾಹೇಬರ ಕಾರು ಒಳಗೆ ಬರೋದು ಹೇಗೆ? ಪುರಭವನದಲ್ಲಿ ಇಟ್ಕೊಳ್ಳಿ."

ಅಪ್ಪ ಕೈ ಮುಗಿದ. "ಜನ ಇಲ್ಲಿದ್ದಾರೆ, ಸ್ವಾಮಿ. ಸನ್ಮಾನ ಅಲ್ಲಿ ಮಾಡಿದರೆ ಶೋಭೆಯೇ? ಕಷ್ಟ ಆದರೆ ಬಿಡಿ. ಕರೆದರೆ ಉಪಾಧ್ಯಕ್ಷರು ನಡ್ಕೊಂಡೇ ಬರ್ತೀನಿ ಅಂದಿದ್ದಾರೆ."

ಸಹಾಯಕನ ಮುಖ ಇಂಗು ತಿಂದ ಮಂಗನಂತಾಯಿತು.

"ಅಯ್ಯೋ, ಹಾಗನ್ಬೇಡಿ. ಈ ವರ್ಷ ಸಾಹೇಬರಿಗೆ ಎರಡು ಸನ್ಮಾನ ಕೈ ತಪ್ಪಿವೆ. ಮೊದಲನೇ ಬೀದೀಲಿ ಶಾಮಿಯಾನ ಗಾಳಿಗೆ ಹಾರಿತಂತೆ. ಎರಡನೇ ಬೀದೀಲಿ ಸಂಘದ ಕಾರ್ಯದರ್ಶಿಗೆ ಕಾಮಾಲೆಯಂತೆ. ಇದೂ ತಪ್ಪಿದರೆ ಅವರು ಊಟ ಬಿಟ್ಟುಬಿಡ್ತಾರೆ."

ಗುರುವಾರ ಬೆಳಗ್ಗೆ ರೋಡ್ ರೋಲರ್ ಬಂತು. ಶುಕ್ರವಾರ ಚರಂಡಿಯ ಮೇಲೆ ಚಪ್ಪಡಿ. ಶನಿವಾರ ಕಂಬಗಳಿಗೆಲ್ಲ ದೀಪ. ಅಪ್ಪ ಕೆಲಸಗಾರರ ಬೆನ್ನು ಬಿಡಲಿಲ್ಲ.

"ಇನ್ನೂ ಸ್ವಲ್ಪ ಅಗಲ ಇರಲಿ ಮಾರಾಯ. ದೊಡ್ಡ ಗಾಡಿ. ನಮ್ಮನೆ ಮುಂದೆ ತಿರುಗಿಸೋಕೂ ಜಾಗ ಬೇಕು."

ಮಗಳು ಕಿಟಕಿಯಲ್ಲಿ ನಿಂತು ನೋಡಿದಳು. ಅತ್ತಿಗೆಯ ಹೊಟ್ಟೆಯಲ್ಲಿದ್ದ ಕೂಸಿಗಾಗಿ ಬಾರದ ಚಪ್ಪಡಿ ಕಾರಿನ ಚಕ್ರಕ್ಕಾಗಿ ಬಂತು. ಪಕ್ಕದಲ್ಲಿದ್ದ ಅತ್ತಿಗೆ ಕಿಟಕಿ ಬಿಟ್ಟು ಒಳಗೆ ಹೋದಳು. ಆ ಕ್ಷಣ ಮಗಳು ಅಪ್ಪನನ್ನು ನಿಜವಾಗಿಯೂ ದ್ವೇಷಿಸಿದಳು.

ಭಾನುವಾರ ಮಧ್ಯಾಹ್ನ ನೋವು ಕಾಣಿಸಿಕೊಂಡಿತು.

ಆಂಬುಲೆನ್ಸ್ ಚಪ್ಪಡಿಯ ಮೇಲೆ ಹಾದು, ಒಂದು ಕಡೆಯೂ ಕುಲುಕದೆ ಬಂದು ಮನೆ ಬಾಗಿಲಲ್ಲೇ ತಿರುಗಿ ನಿಂತಿತು. ಕುರ್ಚಿಯನ್ನು ಯಾರೂ ಮುಟ್ಟಲಿಲ್ಲ. "ಇನ್ನು ಕಾಲು ಗಂಟೆ ತಡವಾಗಿದ್ದರೆ ಕಷ್ಟವಿತ್ತು," ಎಂದರು ಡಾಕ್ಟರಮ್ಮ. ಮಗು ಹೆಣ್ಣು. ಆಸ್ಪತ್ರೆಯೇ ಎದ್ದು ಕೂರುವಷ್ಟು ಜೋರಾಗಿ ಅತ್ತಿತು. ಅತ್ತಿಗೆ ಅದನ್ನು ಎದೆಗೊತ್ತಿಕೊಂಡು ತಾನೂ ಅತ್ತಳು.

ಗೋಡೆಯ ಗಡಿಯಾರ ಆರೂವರೆ ತೋರಿಸುತ್ತಿತ್ತು. ಅಪ್ಪ ಮಂಚದ ಪಕ್ಕದಲ್ಲೇ ಕೂತಿದ್ದ.

"ಇನ್ನೂ ಇಲ್ಲೇ ಇದೀಯಾ? ನಿನ್ನ ಸಾಹೇಬರು ಕಾಯ್ತಿರ್ತಾರೆ, ಹೋಗು."

"ಮುಂದಕ್ಕೆ ಹಾಕಿದೆ. ಕಾರ್ಯದರ್ಶಿ ಮನೇಲಿ ಹೆರಿಗೆ ಆದರೆ ಸನ್ಮಾನ ಮಾಡೋರು ಯಾರು? ಆ ಸಹಾಯಕ ಫೋನಿನಲ್ಲೇ ಅತ್ತುಬಿಟ್ಟ, ಪಾಪ."

"ಮುಂದಕ್ಕೆ ಅಂದ್ರೆ ಯಾವಾಗ?"

ಅಪ್ಪ ಉತ್ತರಿಸುವ ಮೊದಲೇ ಬಾಗಿಲಲ್ಲಿ ನಾಲ್ಕನೇ ಬೀದಿಯ ಕ್ಷೌರಿಕ ಇಣುಕಿದ. ಆ ಬೀದಿಯ ಸಂಘಕ್ಕೆ ಅವನೇ ಕಾರ್ಯದರ್ಶಿ. ಮಗುವನ್ನು ನೋಡಿ ಬಾಯ್ತುಂಬ ನಕ್ಕ. ಆಮೇಲೆ ಹೋಗದೆ, ತಲೆ ಕೆರೆಯುತ್ತ ನಿಂತ.

ಅಪ್ಪ ಚೀಲದಿಂದ ಬಟ್ಟೆಯ ಗಂಟು ತೆಗೆದು ಅವನ ಕೈಗಿತ್ತ. ಬಟ್ಟೆ ಜಾರಿತು. ಫಲಕದ ಬೆನ್ನು ಮಗಳ ಕಡೆಗಿತ್ತು. ಅಲ್ಲಿ ಮೊಳೆಯಿಂದ, ಮೂರು ಬೇರೆ ಬೇರೆ ಕೈಗಳು ಗೀಚಿದ ಮೂರು ಸಾಲು: 'ಮೊದಲನೇ ಬೀದಿ, ನಲ್ಲಿ ನೀರು. ಎರಡನೇ ಬೀದಿ, ಕಸದ ಗಾಡಿ. ಮೂರನೇ ಬೀದಿ, ರಸ್ತೆ.'

"ಜೋಪಾನ," ಎಂದ ಅಪ್ಪ, "ಹೆಸರು ಮಾತ್ರ ಕೆತ್ತಿಸಿಬಿಟ್ಟೀಯ ಮತ್ತೆ! ಐದನೇ ಬೀದಿಯವರು ಕಾಯ್ತಿದಾರೆ."