ಏರಿನಲ್ಲಿ ಬಂದ ಕೆಮ್ಮು

ಕೆಸರಿನ ಏರಿನ ನಟ್ಟನಡುವೆ, ಒಲೆ-ಹಾಸಿಗೆ ಹೊತ್ತ ಪುಟ್ಟ ಮನೆವ್ಯಾನಿನಲ್ಲಿ 'ಗೊರ್ರ್... ಖೊಕ್ ಖೊಕ್' ಎಂಬ ಕೆಮ್ಮು ಕೇಳಿದ್ದೇ ತಡ, ಅದನ್ನು ಓಡಿಸುತ್ತಿದ್ದ ಮೆಕ್ಯಾನಿಕ್‌ನ ಜೀವ ಬಾಯಿಗೆ ಬಂತು. ದೊಡ್ಡ ಎಂಜಿನ್ ಕೂರಿಸಿ, ನಾಲ್ಕೂ ಚಕ್ರಗಳಿಗೆ ಎಳೆಯುವ ಬಲ ಕೊಡಲು ಎರಡು ವರ್ಷ ಅದರಡಿಯಲ್ಲೇ ಮಲಗಿ ಎದ್ದವನು ಅವನು. ಈ ಏರು ಹತ್ತದಿದ್ದರೆ ಗಾಡಿ ಗುಜರಿಗೆ ಎಂದು ಹೆಂಡತಿಗೆ ಮಾತು ಕೊಟ್ಟಿದ್ದ.

"ಹಳೇ ಎಂಜಿನ್ನಿನ ದಮ್ಮು ಇದಕ್ಕೂ ಅಂಟಿಕೊಳ್ತಲ್ಲೇ!" ಎಂದು ಗೋಳಾಡುತ್ತಾ ಮೀಟರ್ ನೋಡಿದ. ಎಂಜಿನ್ ವೇಗದ ಮುಳ್ಳು ಚೂರೂ ಇಳಿದಿರಲಿಲ್ಲ. ಮತ್ತೆ ಕೆಮ್ಮು. ಅನುಮಾನ ಬಂದು ಕನ್ನಡಿ ನೋಡಿದರೆ, ಹಿಂದಿನ ಹಾಸಿಗೆಯ ಮೇಲೆ ಹೆಂಡತಿ ಬಕೆಟ್ಟಿನೊಳಗೆ ಮುಖ ಹುದುಗಿಸಿ ಹಳೇ ಎಂಜಿನ್ನಿನಂತೆಯೇ ಕೆಮ್ಮುತ್ತಿದ್ದಳು.

"ಹನ್ನೆರಡು ವರ್ಷ ಈ ಗಾಡಿ ತಳ್ಳಿದೀನಿ ರೀ, ಅದರ ಕೆಮ್ಮು ನನಗೆ ಬರಲ್ವಾ? ಮುಂದೆ ನೋಡಿ, ಮಹಾರಾಯರೇ!"

ಮುಂದೆ ಏರು ಮುಗಿದು ಬರೀ ಆಕಾಶವಿತ್ತು. ಹೊಸ ಎಂಜಿನ್ನಿನ ಸದ್ದೂ ಅಡಗುವಂತೆ ನಕ್ಕವನು ಅವನೇ.