ಕಾವಿಗಿಟ್ಟ ಮೊಟ್ಟೆ

“ಬಡವರನ್ನು ಕೆಡಿಸುವುದೇ ಆತುರ,” ಎಂದು ಮಹಿಳಾ ಸಂಘದ ಸಭೆಯಲ್ಲಿ ಪೇಟೆಯಿಂದ ಬಂದಿದ್ದ ಸರ್ಕಾರಿ ಸಾಹೇಬರು ಹೇಳಿದ್ದರು. “ಇವತ್ತೇ ತಿಂದವರಿಗೆ ಒಂದು ಮೊಟ್ಟೆ. ಕಾದವರಿಗೆ ಒಂದು ಕೋಳಿ.”

ಆ ಮಾತು ಚಿಕ್ಕತಾಯಿಯ ಮನಸ್ಸಿನಲ್ಲಿ ಕೂತುಬಿಟ್ಟಿತು. ಮನೆಗಿದ್ದ ಒಂದೇ ಕೋಳಿಯನ್ನು ಅವಳು ಕಾವಿಗೆ ಕೂರಿಸಿದಳು. ಮಗಳು ಮಾದೇವಿ ದಿನವೂ ಕುಕ್ಕೆಯ ಮುಂದೆ ಕೂತು ಗೋಗರೆಯುತ್ತಿದ್ದಳು.

“ಅವ್ವಾ, ಒಂದೇ ಒಂದು ಮೊಟ್ಟೆ ಬೇಯಿಸ್ಕೊಡವ್ವ.”

“ತಡಿ ಕೂಸೇ. ಇನ್ನೊಂದು ವಾರ ಕಳೀಲಿ, ಮನೆ ತುಂಬ ಮರಿ ಓಡಾಡ್ತವೆ.”

ಅಷ್ಟರಲ್ಲಿ ಸಾಹೇಬರೇ ಮನೆಗೆ ಬಂದರು. ಸರ್ಕಾರದಿಂದ ಬರುವ ಕುರಿಗಳನ್ನು ಕೊಡಲು ಆ ಊರಿನ ಒಬ್ಬ ಹೆಂಗಸನ್ನು ಅವರು ಆರಿಸಬೇಕಿತ್ತು. ಜಗಲಿಯ ಮೇಲೆ ಕಾಲು ಚಾಚಿ ಕೂತು, “ಊಟ ಇಲ್ಲೇ ಮುಗಿಸುತ್ತೇನೆ ತಾಯಿ. ನಿಮ್ಮ ನಾಟಿ ಕೋಳಿ ಸಾರಿನ ರುಚಿ ಪೇಟೆಯಲ್ಲಿ ಎಲ್ಲಿ ಬರಬೇಕು?” ಎಂದರು.

ಚಿಕ್ಕತಾಯಿ ಕುಕ್ಕೆಯತ್ತ ನೋಡಿದಳು. ಇಲ್ಲವೆಂದರೆ ಕುರಿಗಳು ಪಕ್ಕದ ಮನೆಗೆ ನಡೆಯುತ್ತವೆ.

“ಅದಕ್ಕೇನಂತೆ ಸ್ವಾಮಿ, ಕುಂತ್ಕಳಿ,” ಎಂದು ಒಳಗೆ ಹೋದಳು.

ಸಾಹೇಬರು ಮುದ್ದೆ ಮುರಿದು, ಎರಡೆರಡು ಸಲ ಸಾರು ಹಾಕಿಸಿಕೊಂಡರು. ಕೊನೆಗೆ ಬೆರಳು ಚೀಪುತ್ತ, ಬಾಗಿಲಿಗೆ ಒರಗಿ ನಿಂತಿದ್ದ ಮಾದೇವಿಯನ್ನು ಹತ್ತಿರ ಕರೆದರು.

“ನಿಮ್ಮವ್ವ ನನ್ನ ಮಾತು ಕೇಳಿ ಕೋಳೀನ ಕಾವಿಗೆ ಕೂರಿಸಿದ್ದಾಳಂತಲ್ಲ, ಊರೆಲ್ಲ ಹೇಳಿದರು. ಎಲ್ಲಿದೆಯಮ್ಮ ಅದು? ನಾಲ್ಕು ಜನಕ್ಕೆ ತೋರಿಸೋಕೆ ಒಂದು ಫೋಟೋ ಬೇಕಿತ್ತು.”

ಮಾದೇವಿ ಅವರ ತಟ್ಟೆಯತ್ತ ಬೆರಳು ಮಾಡಿದಳು.