ಮ್ಯಾಪಿನಲ್ಲಿದ್ದ ನಂಬರು

“ಅದೇ ನಂಬರ್‌ಗೆ ಇನ್ನೊಂದ್ಸಲ ಮಾಡಿ, ಸ್ಪೀಕರ್ ಹಾಕಿ,” ಎಂದಳು ಜ್ಯೋತಿಲಕ್ಷ್ಮಿ, ಮ್ಯಾಪಿನಲ್ಲಿದ್ದ ನಂಬರಿಗೆ ಫೋನ್ ಮಾಡಿಯೂ ಹುಡುಕಿಕೊಂಡು ಎಣ್ಣೆಗೆ ಬಂದಿದ್ದ ಹೆಂಗಸಿಗೆ. ಮಧುಗಿರಿಯ ತನ್ನ ಗಾಣದಂಗಡಿಯನ್ನು ಮ್ಯಾಪಿಗೆ ಸೇರಿಸಿಕೊಡೆಂದು ಅವಳು ಕೇಳಿದ್ದು ಮೈದುನ ರಾಮಾಂಜನೇಯನನ್ನೇ. ಅದೇ ಪೇಟೆಯಲ್ಲಿ ತಾನೂ ಎಣ್ಣೆ ಮಾರುವ ಅವನು ಅಂಗಡಿಯ ಹೆಸರು ಅವಳದು ಹಾಕಿ, ಫೋನ್ ನಂಬರು ತನ್ನದು ಕೊಟ್ಟಿದ್ದ. ಗಿರಾಕಿ ಅರ್ಧಕ್ಕಿಳಿದರೂ ಅತ್ತೆ ಕದರಮ್ಮನದು ಒಂದೇ ಮಾತು: “ನನ್ ಮಗ ಅಂಥೋನಲ್ಲ.” ಅದಕ್ಕೇ ಮೂರು ದಿನದಿಂದ ಜ್ಯೋತಿ ಅತ್ತೆಯನ್ನು ಬೇಕೆಂದೇ ಅಂಗಡಿಗೆ ಕರೆತಂದು ಕೂರಿಸಿಕೊಂಡಿದ್ದಳು.

ಫೋನು ಎತ್ತಿದ ಮೈದುನನ ದನಿ ಬೆಣ್ಣೆಯಂತಿತ್ತು. “ಆ ಅಂಗ್ಡಿ ಮುಚ್ಚಿ ಆರು ತಿಂಗ್ಳಾಯ್ತು ಕಣಮ್ಮ. ಆವಮ್ಮ ಕಲಬೆರಕೆ ಮಾಡಿ ಸಿಕ್ಕಾಕ್ಕೊಂಡ್ಳು. ನಮ್ ಅಂಗ್ಡಿಗೆ ಬಂದ್ಬುಡಿ.”

ಜ್ಯೋತಿ ಫೋನನ್ನು ಇಸಿದುಕೊಂಡು ಅತ್ತೆಯ ಕೈಗಿಟ್ಟಳು.

“ಲೇ ರಾಮಾಂಜಿ, ಆ ಮುಚ್ಚಿರೋ ಅಂಗ್ಡೀಲೇ ಕುಂತಿವ್ನಿ ಕಣ್ಲಾ, ನಿಮ್ಮವ್ವ.”